ಗಾಜಿನೊಳಗೆ ವಾಸಿಯಾದ ಚರ್ಮ

ಮಗನ ಮೊಣಕಾಲ ಕೆಳಗಿನಿಂದ ಅಕ್ಕಿಕಾಳಿನಷ್ಟು ಚರ್ಮ ತೆಗೆದು, ಅದನ್ನು ಗಾಜಿನ ಡಬ್ಬಿಯಲ್ಲಿಟ್ಟು ಊಟ ನೀರು ಕೊಟ್ಟು ಸಾಕುತ್ತೇವೆ ಎಂದು ಡಾಕ್ಟರು ಹೇಳಿದಾಗ ಕೆಂಚವ್ವನಿಗೆ ನಗು ಬಂದುಬಿಟ್ಟಿತು. ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

"ನಗ್ರಿ ಕೆಂಚವ್ವಾರ, ನಗ್ರಿ. ಮೊದಲನೇ ಸಲ ಕೇಳಿದಾಗ ನಾನೂ ನಕ್ಕಿದ್ದೆ," ಎಂದರು ಡಾಕ್ಟರ್ ವತ್ಸಲಾ ಕಡಕೋಳ.

"ಎಮ್ಮಿ ಸಾಕೂದು ಗೊತ್ತೈತ್ರಿ ನಮಗ. ಚರ್ಮಾ ಸಾಕೂದು ಎಲ್ಲೂ ಕೇಳಿಲ್ರಿ ಯವ್ವಾ."

ಹುಬ್ಬಳ್ಳಿಯ ಅಂಗಾಂಶ ಕೇಂದ್ರದ ಆ ಕೋಣೆಯಲ್ಲಿ ಮಗ ಉಡಚಪ್ಪ ಪ್ಯಾಂಟನ್ನು ಮೊಣಕಾಲ ತನಕ ಮಡಚಿಕೊಂಡು, ತಲೆ ತಗ್ಗಿಸಿ ಕೂತಿದ್ದ. ಇಪ್ಪತ್ತೈದು ದಾಟಿದ ಗಟ್ಟಿ ಆಳು. ಆದರೆ ಕಾಲಿನ ಚರ್ಮ ಬೇಸಿಗೆಯ ಕೆರೆಯಂಗಳದಂತೆ ಬಿರಿದು, ಬೂದು ಬಣ್ಣದ ಹುರುಪೆಗಳಾಗಿ ಎದ್ದು ನಿಂತಿತ್ತು. ತೋಳಿನಲ್ಲಿ, ಬೆನ್ನಿನಲ್ಲಿ ಅದೇ ಕಥೆ. ಡಾಕ್ಟರು ಕೈಗವಸು ತೆಗೆದು ಬರಿಗೈಯಿಂದ ಆ ಕಾಲನ್ನು ಸವರಿ ನೋಡಿದ್ದನ್ನು ಕೆಂಚವ್ವ ಗಮನಿಸಿದಳು. ಊರಿನಲ್ಲಿ ತಾನು ಬಿಟ್ಟರೆ ಆ ಮೈಯನ್ನು ಮುಟ್ಟುವವರು ಯಾರೂ ಇರಲಿಲ್ಲ.

"ಚರ್ಮ ಅಂದ್ರ ಉಳ್ಳಾಗಡ್ಡಿ ಇದ್ದಂಗ ನೋಡ್ರಿ, ಪದರಿನ ಮ್ಯಾಲೆ ಪದರು," ಡಾಕ್ಟರು ಬೆರಳ ಮೇಲೆ ಬೆರಳಿಟ್ಟು ತೋರಿಸಿದರು. "ತಳದಾಗ ಹೊಸಾದು ಹುಟ್ಟತದ. ಮ್ಯಾಲೆ ಬರ್ತಾ ಬರ್ತಾ ಒಣಗತದ. ಕಡೀಕೆ ನಮ್ಮ ಕಣ್ಣಿಗೂ ಕಾಣದಂಗ ಉದುರಿ ಹೋಗತದ. ಇವರಿಗೆ ಉದುರವಲ್ದು, ಒಂದರ ಮ್ಯಾಲೊಂದು ಕೂತಬಿಟ್ಟದ. ಯಾಕ ಕೂತದ ಅನ್ನೋದು ಗೊತ್ತಾಗಬೇಕು."

"ವಂಶದಿಂದ ಬಂದದ್ದು ಅಂತ ಹಾವೇರಿ ದವಾಖಾನ್ಯಾಗ ಅಂದ್ರು. ದೀಪಾ ಹಿಡದು ನೋಡಿದ್ರು."

"ವಂಶದಿಂದ ಬರೋದ್ರಾಗೂ ಬಾಳ ಬಗೆ ಅದಾವ್ರಿ. ಹೊರಗಿಂದ ನೋಡಿದ್ರ ಎಲ್ಲಾ ಮೀನಿನ ಹುರುಪಿನ. ಒಳಗ ಒಂದೊಂದರದು ಒಂದೊಂದು ತಪ್ಪು. ಈಗ ತಪ್ಪು ತಿದ್ದೋ ಲೇಪ ಬಂದಾವು, ಆದ್ರ ಬಗೆ ಗೊತ್ತಿಲ್ಲದ ಹಚ್ಚಿದ್ರ ಇದ್ದ ಚರ್ಮನೂ ಸುಟ್ಟು ಹೋಗತದ."

ಮೊದಲಾದರೆ ಇಂಥ ಚೂರನ್ನು ಮೇಣದಲ್ಲಿ ಹುದುಗಿಸಿ, ಹಾಳೆಗಿಂತ ತೆಳ್ಳಗೆ ಹೆರೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಿದ್ದರಂತೆ. ಅದು ಸತ್ತ ಚರ್ಮದ ಪಟ. ಈಗಿನದು ಹಾಗಲ್ಲ. ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಗಾಜಿನ ಡಬ್ಬಿಯೊಳಗೆ ಚೂರು ಬದುಕಿಯೇ ಇರುತ್ತದೆ. ಕೂದಲಿಗಿಂತ ಸಣ್ಣ ನಾಳಗಳಲ್ಲಿ ಬೆಚ್ಚಗಿನ ಪೋಷಕ ದ್ರವ ಹರಿದು ಬಂದು ಅದಕ್ಕೆ ಉಣಿಸುತ್ತದೆ. ಮೈಮೇಲೆ ತಿಂಗಳುಗಟ್ಟಲೆ ಹಿಡಿಯುವ ಪದರಗಳ ಹುಟ್ಟು ಸಾವು ಅಲ್ಲಿ ಕೆಲವೇ ದಿನಗಳಲ್ಲಿ ನಡೆದುಹೋಗುತ್ತದೆ. ಮೇಲಿನ ಮಸೂರ ರೆಪ್ಪೆ ಬಡಿಯದೆ ನೋಡುತ್ತಿರುತ್ತದೆ. ತಪ್ಪು ಯಾವ ಪದರದಲ್ಲಿ ಹುಟ್ಟಿತು ಎನ್ನುವುದು ಕಣ್ಣೆದುರೇ ಬಯಲಾಗುತ್ತದೆ.

ಕೆಂಚವ್ವನಿಗೆ ಇದರಲ್ಲಿ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಚೂರು ತೆಗೆಯುವಾಗ ಮಗ ಹಲ್ಲು ಕಚ್ಚಿದ್ದನ್ನು ನೋಡಿ ತಾನೂ ಕಚ್ಚಿದಳು.

ಹಿರೇಕಣವಿ ಹಾವೇರಿ ಸೀಮೆಯ ಊರು. ಅಲ್ಲಿ ದನ ಸಾಕುವ ಹಣಬರ ಓಣಿಯಲ್ಲಿ ಒಂದು ಕಾಲಕ್ಕೆ ಮನೆಗೊಂದು ಹಟ್ಟಿ ಇತ್ತು. ಈಗ ಎಮ್ಮೆ ಕಟ್ಟುವವರು ಕೆಂಚವ್ವನಂಥ ನಾಲ್ಕಾರು ಮನೆಯವರು ಮಾತ್ರ. ಪೇಟೆಗಳಲ್ಲೆಲ್ಲ ತೊಟ್ಟಿಯ ಹಾಲು ನಡೆಯುತ್ತಿತ್ತು. ಕಾರ್ಖಾನೆಯ ದೊಡ್ಡ ತೊಟ್ಟಿಗಳಲ್ಲಿ ಹುದುಗು ಬೆಳೆಸಿ ಮಾಡುವ ಹಾಲು ಅದು. ದನದ ಸೋಂಕೇ ಇಲ್ಲ. ಅಗ್ಗ, ಕೆಡುವುದಿಲ್ಲ, ಕೆನೆಯೂ ಬರುತ್ತದೆ. "ಹುಲ್ಲು ತಿನ್ನದ್ದು ಎಂಥಾ ಹಾಲು?" ಎನ್ನುತ್ತಿದ್ದಳು ಕೆಂಚವ್ವ. ಹಬ್ಬಕ್ಕೆ, ಬಾಣಂತಿಗೆ, ದೇವರ ದೀಪಕ್ಕೆ ಖರೇ ತುಪ್ಪ ಬೇಕೆನ್ನುವವರು ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಗಂಡ ತೀರಿಕೊಂಡ ಮೇಲೂ ಅವಳು ಎಮ್ಮೆ ಬಿಟ್ಟಿರಲಿಲ್ಲ.

ಉಡಚಪ್ಪ ಹುಟ್ಟಿದಾಗ ಮೈ ನುಣ್ಣಗಿತ್ತು. ಮೀಸೆ ಮೂಡುವ ಹೊತ್ತಿಗೆ ಕಾಲಿನಲ್ಲಿ ಹುರುಪೆ ಶುರುವಾಯಿತು. ಆಮೇಲೆ ಒಂದೊಂದಾಗಿ ಬೇರೆಯವೂ ಬಂದವು. ಹಾಲು ಹುಳಿಯಾದರೆ ಅವನಿಗೆ ವಾಸನೆ ತಿಳಿಯುತ್ತಿರಲಿಲ್ಲ. ಹೊತ್ತು ಮುಳುಗಿದರೆ ದಾರಿ ಕಾಣುತ್ತಿರಲಿಲ್ಲ. ಮುಂದಿನ ಎಮ್ಮೆಯ ಬಾಲ ಹಿಡಿದುಕೊಂಡು ಮನೆಗೆ ಬರುತ್ತಿದ್ದ. ಕಿವಿಯೂ ಕೊಂಚ ಮಂದ. ಇವೆಲ್ಲ ಬೇರೆ ಬೇರೆ ತೊಂದರೆಗಳೆಂದೇ ಕೆಂಚವ್ವ ತಿಳಿದಿದ್ದಳು. ಒಂದೇ ಬಳ್ಳಿಯ ಕಾಯಿಗಳೆಂದು ಯಾರೂ ಹೇಳಿರಲಿಲ್ಲ.

ಇದಕ್ಕೆಲ್ಲ ಅವಳಲ್ಲಿದ್ದದ್ದು ಒಂದೇ ಮದ್ದು, ಬೆಣ್ಣೆ. ದಿನಾ ಮುಂಜಾನೆ ಮಜ್ಜಿಗೆ ಕಡೆದು, ಮಗನನ್ನು ಬಿಸಿಲಿಗೆ ಕೂರಿಸಿ ಕಾಲಿಗೆ, ತೋಳಿಗೆ, ಬೆನ್ನಿಗೆ ಬೆಣ್ಣೆ ತಿಕ್ಕುತ್ತಿದ್ದಳು. ಉಣ್ಣಲು ಕೂತಾಗ ರೊಟ್ಟಿಯ ಮೇಲೆ ನಿಂಬೆಹಣ್ಣಿನಷ್ಟು ಬೆಣ್ಣೆ, ಅನ್ನದ ಮೇಲೆ ತುಪ್ಪ, ಮಲಗುವಾಗ ಕೆನೆಹಾಲು. "ಒಣಗಿದ ಮೈ ಒಳಗಿಂದ ತೊಯ್ಯಬೇಕು," ಎನ್ನುತ್ತಿದ್ದಳು. ಕನ್ಯೆ ನೋಡಲು ಹೋದ ಕಡೆಯಲ್ಲೆಲ್ಲ ಹುಡುಗಿಯ ಮನೆಯವರು ಅವನ ಕೈ ನೋಡಿ ಮಾತು ಬದಲಿಸಿದರು. ಅಂಥ ದಿನ ಮನೆಗೆ ಬಂದವಳೇ ಇನ್ನೊಂದು ಮುದ್ದೆ ಬೆಣ್ಣೆಯನ್ನು ಅವನ ತಟ್ಟೆಗೆ ಹಾಕುತ್ತಿದ್ದಳು. ಬಾಯಲ್ಲಿ ಹೇಳಲಾಗದ್ದನ್ನು ಅವಳು ಬೆಣ್ಣೆಯಲ್ಲಿ ಹೇಳುತ್ತಿದ್ದಳು.

ಹುಬ್ಬಳ್ಳಿಯಲ್ಲಿ ಚೂರು ಕೊಟ್ಟು ಬಂದ ವಾರದಲ್ಲೇ ಮಗಳು ಮಾಳವ್ವ ಹೆರಿಗೆಗೆಂದು ತವರಿಗೆ ಬಂದಳು. ಅವಳನ್ನು ಕೆಂಚವ್ವ ತನ್ನ ತಮ್ಮನ ಮಗ ಗುತ್ತೆಪ್ಪನಿಗೇ ಕೊಟ್ಟಿದ್ದಳು. ಕೆಂಚವ್ವನೂ ಸೋದರತ್ತೆಯ ಮಗನನ್ನೇ ಮದುವೆಯಾದವಳು. ಅವರ ಕಡೆ ಹೊರಗಿನ ಸಂಬಂಧ ಮಾಡುವುದು ಕಡಿಮೆ.

ಕೇಂದ್ರದಿಂದ ಕರೆ ಬಂದಾಗ ತಾಯಿ ಮಗ ಇಬ್ಬರೂ ಬೆಳಗಿನ ಬಸ್ಸು ಹಿಡಿದರು.

ಡಾಕ್ಟರ್ ವತ್ಸಲಾ ಅವರನ್ನು ನೇರವಾಗಿ ಒಳಗಿನ ಪ್ರಯೋಗಶಾಲೆಗೆ ಕರೆದುಕೊಂಡು ಹೋದರು. ಗೋಡೆಯುದ್ದಕ್ಕೂ ಚಿಕ್ಕ ಚಿಕ್ಕ ಗಾಜಿನ ಡಬ್ಬಿಗಳು, ಒಂದೊಂದರಲ್ಲೂ ಯಾರದೋ ಮೈಯ ಚೂರು. ಪರದೆಯ ಮೇಲೆ ಉಡಚಪ್ಪನ ಚೂರು ದೊಡ್ಡದಾಗಿ ಮೂಡಿತು. ಕೆಳಗೆ ಅಲೆ ಅಲೆಯಾದ ಕೆಂಪು ಗೆರೆ, ಅದರ ಮೇಲೆ ಒತ್ತೊತ್ತಾಗಿ ಜೋಡಿಸಿದ ಕೋಶಗಳು, ತುದಿಯಲ್ಲಿ ತೆಳ್ಳನೆಯ ಪೊರೆ.

"ಇದರಾಗ ಏನು ಕಾಣಸ್ತದ ಹೇಳ್ರಿ."

ಉಡಚಪ್ಪ ದಿಟ್ಟಿಸಿ ನೋಡಿದ. "ಹುರುಪಿ ಎಲ್ಲೈತ್ರಿ ಡಾಕ್ಟರ?"

"ಅದನ್ನ ನಾನೂ ಕೇಳಾಕತ್ತೀನಿ." ಅವರ ದನಿಯಲ್ಲಿ ಬೆರಗಿತ್ತು. "ವಂಶದ ತಪ್ಪು ಚರ್ಮದಾಗ ಇದ್ರ, ಚರ್ಮ ಎಲ್ಲಿ ಹೋದ್ರೂ ಅದರ ಜೋಡಿ ಹೋಗಬೇಕು. ಇಲ್ಲಿಗೆ ಬಂದ ಚೂರುಗಳೆಲ್ಲಾ ಡಬ್ಬ್ಯಾಗೂ ಹುರುಪಿ ಬೆಳಸ್ತಾವು. ನಿಮ್ಮದು ಹಂಗ ಮಾಡಲಿಲ್ಲ. ಹಳೇ ಹಕ್ಕಳಿ ಉದುರಿಸಿಕೊಂತು, ಹೊಸಾ ಚರ್ಮ ತಗೊಂತು. ನಿಮ್ಮಿಂದ ದೂರ ಬಂದಮ್ಯಾಲೆ ಅದಕ್ಕ ಆರಾಮ ಆಗೇದ."

ಕೆಂಚವ್ವ ಎರಡೂ ಕೈ ಜೋಡಿಸಿದಳು. ಉಡಚಪ್ಪ ಮಾತ್ರ ನಗಲಿಲ್ಲ. "ಅಂದ್ರ ತಪ್ಪು ನನ್ನಾಗ ಐತಿ, ಚರ್ಮದಾಗಲ್ಲ," ಎಂದ ಮೆಲ್ಲಗೆ.

"ನಿಮ್ಮ ರಕ್ತದಾಗ ಏನೋ ಅದ. ಅದಕ್ಕ ಚೂರಿನ ಅರ್ಧಾ ಎರಡನೇ ಡಬ್ಬ್ಯಾಗ ಇಟ್ಟು, ಅದಕ್ಕ ನಮ್ಮ ದ್ರವ ನಿಲ್ಲಿಸಿ, ಅವತ್ತು ತಗೊಂಡ ನಿಮ್ಮ ರಕ್ತದ ತಿಳಿ ಕೊಟ್ವಿ." ಡಾಕ್ಟರು ಪರದೆ ಬದಲಿಸಿದರು. ಮೇಲಿನ ಪೊರೆ ದಪ್ಪಗಾಗಿ ಬಿರಿದಿತ್ತು. ತಳದ ಸಾಲಿನ ಕೋಶಗಳಲ್ಲಿ, ಸಾರಿನ ಮೇಲೆ ತೇಲುವ ಎಣ್ಣೆಯ ಬೊಟ್ಟುಗಳ ಹಾಗೆ, ಸಣ್ಣ ಸಣ್ಣ ಮಣಿಗಳು ಹೊಳೆಯುತ್ತಿದ್ದವು. "ಇವು ಜಿಡ್ಡಿನ ಹನಿ. ಸಾಮಾನ್ಯರ ಚರ್ಮದಾಗ ಇಲ್ಲಿ ಇರೋದಿಲ್ಲ. ಈಗ ಹೇಳ್ರಿ, ನಿಮ್ಮ ಊಟಾ ಏನು?"

ಕೆಂಚವ್ವನಿಗೆ ಹೇಳಲು ಹೆಮ್ಮೆಯೇ ಆಯಿತು. ಅವಳು ಬೆಣ್ಣೆಯಿಂದ ಶುರುಮಾಡಿ ಕೆನೆಹಾಲಿನವರೆಗೆ ಬಂದಳು. ಮಂದಿ ಬೇಡವೆಂದರೂ ತಾನು ಮಗನಿಗೆ ಒಂದು ದಿನ ತಪ್ಪಿಸಿಲ್ಲ ಎಂದಳು. ಹಸಿರು ಹುಲ್ಲು ಮೇಯಿಸಿದ ಎಮ್ಮೆಯದೇ ಬೆಣ್ಣೆ, ಹೊಟ್ಟು ಹಾಕಿದ್ದಲ್ಲ ಎಂದಳು.

ಡಾಕ್ಟರು ಕುರ್ಚಿ ಎಳೆದು ಅವಳೆದುರೇ ಕೂತರು.

"ಕೆಂಚವ್ವಾರ, ಹುಲ್ಲಿನಾಗ ಹಸಿರು ಅದ ಅಲ್ಲೇನ್ರಿ, ಅದು ಎಮ್ಮಿ ಹೊಟ್ಟ್ಯಾಗ ಒಡದು ಒಂದು ನಮೂನಿ ಜಿಡ್ಡು ಆಗತದ. ಆ ಜಿಡ್ಡು ಹಾಲಿಗೆ ಬರತದ, ಬೆಣ್ಣಿಗೆ ಬರತದ, ಮಾಂಸಕ್ಕೂ ಬರತದ. ನೀವು ತಿಂದ್ರ, ನಾ ತಿಂದ್ರ ನಮ್ಮ ಮೈ ಅದನ್ನ ಮುರದು ಹಾಕತದ. ಇವರ ಮೈಗೆ ಅದನ್ನ ಮುರಿಯೋ ಶಕ್ತಿ ಹುಟ್ಟಿನಿಂದನ ಇಲ್ಲ. ತಿಂದದ್ದೆಲ್ಲಾ ಒಳಗ ಕೂಡತದ. ಚರ್ಮದಾಗ, ಕಣ್ಣಾಗ, ಮೂಗಿನ ನರದಾಗ, ಕಿವ್ಯಾಗ. ನಮ್ಮ ಕಾಲದ ಡಾಕ್ಟರು ಇದನ್ನ ಮರತಬಿಟ್ಟೀವಿ. ಎಲ್ಲಾರೂ ತೊಟ್ಟಿ ಹಾಲಿಗೆ ಹೋದ್ರಲ್ಲ, ಇಂಥವರು ಯಾರೂ ಬರೋದ ಇಲ್ಲ."

"ಅಂದ್ರ… ಬೆಣ್ಣೀನ?" ಎಂದಳು ಕೆಂಚವ್ವ.

"ಬೆಣ್ಣಿ, ತುಪ್ಪ, ಹಾಲು, ಮಟನ್. ಇವು ನಿಲ್ಲಬೇಕು. ಲೇಪಾ ಏನೂ ಬ್ಯಾಡ. ಇದು ಚಲೋ ಸುದ್ದಿರಿ, ಇದಕ್ಕ ದಾರಿ ಅದ."

ಡಾಕ್ಟರು ಮುಂದೆಯೂ ಮಾತಾಡಿದರು. ಹೊಟ್ಟೆ ತುಂಬ ಉಣ್ಣಬೇಕು, ಉಪವಾಸ ಮಾತ್ರ ಕೂಡದು, ಮೈ ಕರಗಿದರೆ ಒಳಗೆ ಕೂಡಿಟ್ಟ ಜಿಡ್ಡು ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ ಎಂದರು. ಕೆಂಚವ್ವನ ಕಿವಿ ಬೆಣ್ಣೆ ಎಂಬ ಮಾತಿನ ಹತ್ತಿರವೇ ನಿಂತುಬಿಟ್ಟಿತ್ತು. ಉಡಚಪ್ಪನ ಮಂದ ಕಿವಿಗೆ ಬಿದ್ದದ್ದು ಮೈ ಕರಗಿದರೆ ಜಿಡ್ಡು ಇಳಿಯುತ್ತದೆ ಎಂಬಷ್ಟೇ ಮಾತು.

ಮನೆ ಸೇರಿದ ಮೇಲೆ ಕೆಂಚವ್ವ ಬೆಣ್ಣೆಯ ಗಡಿಗೆಯನ್ನು ಎತ್ತಿಕೊಂಡು ಹೋಗಿ ನೆರೆಮನೆಯ ಪಾರವ್ವನ ಕೈಗಿಟ್ಟಳು. "ಯಾಕವ್ವ?" ಎಂದರೆ, "ಸುಮ್ಮನ ಇಟಗೊ," ಎಂದಳಷ್ಟೆ. ಮರುದಿನ ಮುಂಜಾನೆ ಮಗ ರೂಢಿಯಂತೆ ಬಿಸಿಲಿಗೆ ಬಂದು ಕೂತ. ಅವಳು ಬರಿಗೈಯಲ್ಲಿ ಅವನ ಹಿಂದೆ ನಿಂತಳು. ಆ ಬೆನ್ನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ.

"ಯವ್ವಾ, ನಾ ಇನ್ನ ಊಟಾ ಬಿಡತೀನಿ," ಎಂದ ಉಡಚಪ್ಪ.

"ಯಾಕೋ?"

"ಇಷ್ಟ ವರ್ಷದ್ದು ಒಳಗ ಕುಂತೈತಿ. ಹೊಲದಾಗಿನ ಕಸಾ ಸುಟ್ಟಂಗ ಸುಟ್ಟ ಹಾಕಬೇಕು. ಮೈ ಕರಗಿದ್ರ ಇಳಿತೈತಿ ಅಂತ ಡಾಕ್ಟರು ಅಂದಾರಲ್ಲ."

ಕೆಂಚವ್ವನಿಗೂ ಸರಿಯೆನಿಸಿತು. ಉಪವಾಸಕ್ಕಿಂತ ದೊಡ್ಡ ಮದ್ದಿಲ್ಲ ಎಂದು ಹಿರಿಯರು ಹೇಳುತ್ತಿದ್ದರಲ್ಲ. ಉಣಿಸಿ ಕೆಡಿಸಿದ ಕೈ ಇನ್ನು ಉಣಿಸದೆ ಇರಲಿ ಎಂದು ಒಳಗೊಳಗೇ ಅಂದುಕೊಂಡಳು. ತಾನೂ ಅವನ ಜೊತೆಗೆ ಊಟ ಬಿಟ್ಟಳು. "ಇಬ್ಬರಿಗೂ ಹುಚ್ಚು ಹಿಡದೈತಿ," ಎಂದು ಮಾಳವ್ವ ತುಂಬಿದ ಹೊಟ್ಟೆ ಹೊತ್ತುಕೊಂಡು ಅತ್ತಳು, ಬೈದಳು. ಉಡಚಪ್ಪ ಬರೀ ನೀರು ಕುಡಿದು ಎಮ್ಮೆಗಳ ಹಿಂದೆ ಹೋದ. ಗಲ್ಲ ಒಳಗೆ ಹೋದವು, ಪ್ಯಾಂಟು ಸಡಿಲಾಯಿತು. ಅದನ್ನು ಕಂಡು ಅವನಿಗೆ ಹುರುಪು ಬಂತು.

ಒಂದು ಮುಂಜಾನೆ ಹಾಲು ಕರೆಯಲು ಹೋದ ಕೆಂಚವ್ವ, ಹಟ್ಟಿಯಲ್ಲಿ ಸಗಣಿಯ ಮೇಲೆ ಬಿದ್ದಿದ್ದ ಮಗನನ್ನು ಕಂಡಳು. ಅವನು ಏಳಲು ನೋಡುತ್ತಿದ್ದ. ಕಾಲುಗಳು ಅವನ ಮಾತು ಕೇಳುತ್ತಿರಲಿಲ್ಲ. ಎದೆಯ ಮೇಲೆ ಕೈಯಿಟ್ಟರೆ, ಬಲೆಗೆ ಬಿದ್ದ ಹಕ್ಕಿಯ ಹಾಗೆ ಗುಂಡಿಗೆ ದಿಕ್ಕುದೆಸೆಯಿಲ್ಲದೆ ಬಡಿದುಕೊಳ್ಳುತ್ತಿತ್ತು.

"ಯವ್ವಾ, ಕಾಲ ಎಲ್ಲದಾವು? ನನಗ ಗೊತ್ತಾಗವಲ್ಲವು."

ಅವಳ ಕೂಗಿಗೆ ಓಣಿಯೇ ಓಡಿಬಂತು. ಇಷ್ಟು ದಿನ ದೂರ ನಿಂತವರು, ಅವತ್ತು ನಾಲ್ಕು ಜನ ಕೂಡಿ ಆ ಮೈಯನ್ನು ಎತ್ತಿ ಗಾಡಿಯಲ್ಲಿ ಹಾಕಿದರು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವನ ರಕ್ತವನ್ನು ಯಂತ್ರವೊಂದಕ್ಕೆ ಹರಿಸಿ, ಜಿಡ್ಡು ತುಂಬಿದ ತಿಳಿಯನ್ನು ಬೇರೆ ಮಾಡಿ ಚೆಲ್ಲಿ, ಹೊಸ ತಿಳಿ ಕೂಡಿಸಿ ಮತ್ತೆ ಮೈಗೆ ಬಿಡುತ್ತಿದ್ದರು. ಇನ್ನೊಂದು ಕೈಗೆ ಸಕ್ಕರೆಯ ನೀರು ಏರುತ್ತಿತ್ತು. ಚೀಲದಲ್ಲಿ ಕೂಡುತ್ತಿದ್ದ ತಿಳಿ ಹಾಲಿನಂತೆ ಮಬ್ಬಾಗಿತ್ತು. ಕೆಂಚವ್ವ ಅದನ್ನು ನೋಡಲಾರದೆ ಹೊರಗೆ ಬಂದು ಗೋಡೆಗೆ ಒರಗಿ ಕೂತಳು.

ಡಾಕ್ಟರ್ ವತ್ಸಲಾ ಬಂದು ಅವಳ ಪಕ್ಕದಲ್ಲಿ, ನೆಲದ ಮೇಲೆಯೇ ಕೂತರು.

"ಉಪಾಸ ಬ್ಯಾಡ ಅಂತ ಹೇಳಿದ್ದೆ. ಆದ್ರ ನೀವು ಅವತ್ತು ಕೇಳೋ ಸ್ಥಿತಿಯೊಳಗ ಇರಲಿಲ್ಲ, ಅದು ನನಗ ತಿಳೀಬೇಕಿತ್ತು. ಇನ್ನೊಮ್ಮೆ ಹೇಳಬೇಕಿತ್ತು."

"ಬದಕತಾನ?"

"ಗುಂಡಿಗಿ ಹದಕ್ಕ ಬಂದದ. ಬದಕತಾರ. ಕಾಲಿಗೆ ಟೈಮ್ ಬೇಕು."

ಕೆಂಚವ್ವನ ಕಣ್ಣಿಂದ ಆಗ ನೀರು ಇಳಿಯಿತು. "ನನ್ನ ಕೈಯಾರೆ ತಿನ್ನಿಸಿದೆನ್ರಿ. ಮಂದಿ ಮಕ್ಕಳಿಗೆ ಮಾರೂದನ್ನ ಉಳಿಸಿ ಉಳಿಸಿ ಇವಗ ಹಾಕಿದೆ. ಕಣ್ಣ ನಾನ ಕಳದೆ, ಮೂಗ ನಾನ ಕಳದೆ. ಆಮ್ಯಾಲೆ ಉಪಾಸ ಕೆಡವಿದಾಕಿನೂ ನಾನ. ಹೆತ್ತಾಕಿ ಅನ್ನಬೇಕೇನ್ರಿ ನನ್ನ?"

ಡಾಕ್ಟರು ಸಮಾಧಾನದ ಮಾತು ಹುಡುಕಿದಂತೆ ಕಾಣಲಿಲ್ಲ. ಸ್ವಲ್ಪ ಯೋಚಿಸಿ ಹೇಳಿದರು: "ಬೆಣ್ಣಿ ಒಳಗ ಕೆಡಿಸೇದ, ಖರೆ. ಹೊರಗ ನೀವು ದಿನಾ ತಿಕ್ಕಿದ್ದಕ್ಕ ಆ ಚರ್ಮ ಬಿರಿದು ರಕ್ತಾ ಬರಲಿಲ್ಲ, ಕೀವು ಆಗಲಿಲ್ಲ. ಇಂಥವರು ಸಣ್ಣ ವಯಸ್ಸಿನಾಗ ಗಾಯ ನಂಜಾಗಿ ಹೋಗಿದ್ದನ್ನ ನಾ ಓದೀನಿ. ಅದೂ ಖರೆ. ಎರಡರಾಗ ಒಂದನ್ನ ಅಷ್ಟ ಹಿಡಕೊಂಡು ಅಳಬ್ಯಾಡ್ರಿ."

ಕೆಂಚವ್ವ ಬಹಳ ಹೊತ್ತಿನ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಅವನ ಚರ್ಮದ ಚೂರು ಇನ್ನೂ ಐತೇನ್ರಿ? ನಾ ನೋಡತೀನಿ," ಎಂದಳು.

ಪ್ರಯೋಗಶಾಲೆಯಲ್ಲಿ ಪರದೆ ಬೇಡವೆಂದಳು, ಮಸೂರದಲ್ಲೇ ನೋಡುತ್ತೇನೆಂದಳು. ಒಂದು ಕಣ್ಣು ಮುಚ್ಚಿ ಬಗ್ಗಿದಾಗ ಮೊದಲು ಬರೀ ಬೆಳಕು ಕಂಡಿತು. ಆಮೇಲೆ ಅದು ಕಂಡಿತು. ನುಣ್ಣನೆಯ, ತೇವದ, ಗುಲಾಬಿ ಬಣ್ಣದ ಚರ್ಮ. ಉಡಚಪ್ಪ ತೊಟ್ಟಿಲಲ್ಲಿದ್ದಾಗ ಇದ್ದಂಥದು.

"ಇದಕ್ಕ ನೋವಾಗತೈತೇನ್ರಿ?"

"ಇಲ್ರಿ. ನೋವು ಗೊತ್ತಾಗಾಕ ತಲಿ ಬೇಕು."

"ಚಲೋ ಆತು ಬಿಡ್ರಿ," ಎಂದಳು. ಮಸೂರದಿಂದ ಕಣ್ಣು ತೆಗೆಯಲು ಅವಳಿಗೆ ಮನಸ್ಸೇ ಬರಲಿಲ್ಲ.

ಆಸ್ಪತ್ರೆಯಲ್ಲಿ ಮಗನಿಗೆ ಕೊಡುತ್ತಿದ್ದದ್ದು ತೊಟ್ಟಿಯ ಹಾಲು. ಉಳಿದ ಗುಟುಕನ್ನು ಕೆಂಚವ್ವ ಒಮ್ಮೆ ಬಾಯಿಗೆ ಹಾಕಿಕೊಂಡು ನೋಡಿ, "ಥೂ, ನೀರಾಗ ಸುಣ್ಣಾ ಕಲಸಿದಂಗೈತಿ," ಎಂದು ಮುಖ ಸಿಂಡರಿಸಿದಳು. ಮರುದಿನವೂ ಅದನ್ನೇ ತಂದು ಮಗನಿಗೆ ಕುಡಿಸಿದಳು.

ಮನೆಗೆ ಬಂದ ಉಡಚಪ್ಪ ಮೊದಲು ಗೋಡೆ ಹಿಡಿದು, ಆಮೇಲೆ ಕೋಲು ಹಿಡಿದು, ಕೊನೆಗೆ ಬರಿಗೈಯಲ್ಲಿ ನಡೆದ. ಬೇಳೆ, ಕಾಳು, ಪುಂಡಿಪಲ್ಯ, ಶೇಂಗಾ ಚಟ್ನಿಗಳ ಜೊತೆ ಹೊಟ್ಟೆ ತುಂಬ ರೊಟ್ಟಿ ತಿಂದ. ಕೆಂಚವ್ವ ಈಗ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು. ಸುಗ್ಗಿ ಮುಗಿಯುವ ಹೊತ್ತಿಗೆ ಹುರುಪೆಗಳು ಸ್ನಾನದ ನೀರಿನಲ್ಲಿ ಒಂದೊಂದಾಗಿ ಬಿಟ್ಟುಹೋದವು. ಒಳಗಿನಿಂದ ಎಳೆಯ ಚರ್ಮ ಬಂತು. ಅವನು ತನ್ನ ಕಾಲನ್ನು ತಾನೇ ಗುರುತು ಹಿಡಿಯದವನಂತೆ ಮತ್ತೆ ಮತ್ತೆ ಮುಟ್ಟಿಕೊಳ್ಳುತ್ತಿದ್ದ. ಆದರೆ ಹೋದ ವಾಸನೆ ಬರಲಿಲ್ಲ. ಸಂಜೆಗಣ್ಣು ಹಾಗೆಯೇ ಉಳಿಯಿತು. "ಇದ್ದದ್ದು ಉಳೀತದ, ಹೋದದ್ದು ಬರೋದಿಲ್ಲ," ಎಂದು ಡಾಕ್ಟರು ಮೊದಲೇ ಹೇಳಿದ್ದರು. ಉಡಚಪ್ಪ ಈಗ ಎಮ್ಮೆಗಳನ್ನು ಹೊತ್ತು ಇಳಿಯುವ ಮೊದಲೇ ಹೊಡೆದುಕೊಂಡು ಬರುತ್ತಿದ್ದ.

ಇದರ ನಡುವೆ ಮಾಳವ್ವನಿಗೆ ಹೆಣ್ಣು ಕೂಸು ಹುಟ್ಟಿತ್ತು. ಬಾಣಂತಿಯ ಮನೆಯೆಂದರೆ ತುಪ್ಪದ ಮನೆ. ಕೆಂಚವ್ವ ಅಂಟಿನುಂಡಿ ಕಟ್ಟಲೆಂದು ತುಪ್ಪ ಕಾಯಿಸುತ್ತಿದ್ದಾಗಲೇ ಡಾಕ್ಟರ್ ವತ್ಸಲಾ ಅವರ ಫೋನು ಬಂತು. ಕೂಸಿನ ಚರ್ಮದ ಚೂರನ್ನೂ ಒಮ್ಮೆ ನೋಡೋಣ, ಕರೆತನ್ನಿ ಎಂದರು. ಕೆಂಚವ್ವನ ಮನೆತನದಲ್ಲೂ ಅವಳ ಗಂಡನ ಮನೆತನದಲ್ಲೂ ಈ ತಪ್ಪು ಅರ್ಧರ್ಧ ಹರಿದಿರಬೇಕು. ಎರಡು ಅರ್ಧ ಕೂಡಿದಾಗ ಉಡಚಪ್ಪ ಹುಟ್ಟಿದ. ಮಾಳವ್ವ ಮತ್ತು ಗುತ್ತೆಪ್ಪ ಇಬ್ಬರಲ್ಲೂ ಅರ್ಧರ್ಧ ಇದ್ದರೆ ಕೂಸಿಗೂ ಕೂಡಬಹುದು. ತಾಯಿ ತಿಂದ ತುಪ್ಪ ಎದೆಹಾಲಿಗೂ ಇಳಿಯುತ್ತದೆ ಎಂದರು.

ಕೆಂಚವ್ವ ಒಲೆಯ ಕಟ್ಟಿಗೆಯನ್ನು ಹೊರಗೆಳೆದಳು.

ಕೂಸನ್ನು ನೋಡಲು ಬಂದಿದ್ದ ಗುತ್ತೆಪ್ಪ ಕೇಳಿದ ಕೂಡಲೇ ಎದ್ದು ನಿಂತ. "ಎಳೇ ಕೂಸಿನ ಮೈ ಕತ್ತರಿಸಬೇಕಂತ? ನಾ ಒಲ್ಲೆ ಅತ್ತಿ. ಹೆಣ್ಣ ಕೂಸು. ಇಂಥಾ ರೋಗ ಐತಿ ಅಂತ ಒಮ್ಮೆ ಹೆಸರ ಹತ್ತಿದ್ರ ನಾಳೆ ಯಾರು ಮಾಡಕೊಂತಾರ? ಮೈ ನೋಡಬಾರದಾ, ಬೆಣ್ಣಿ ಇದ್ದಂಗ ಐತಿ."

ಮಾಳವ್ವ ಕೂಸನ್ನು ಎದೆಗವಚಿಕೊಂಡು ತಾಯಿಯ ಮುಖ ನೋಡಿದಳು. ಮಕ್ಕಳಿಗೆ ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಹೇಳುವ ಧೈರ್ಯವೇ ಕೆಂಚವ್ವನಿಗೆ ಹೋಗಿಬಿಟ್ಟಿತ್ತು.

ಮೂಲೆಯಲ್ಲಿ ಕೂತಿದ್ದ ಉಡಚಪ್ಪ ಎದ್ದು ನಡುಮನೆಗೆ ಬಂದ. ಮಂದಿಯ ನಡುವೆ ಅವನು ದನಿಯೆತ್ತಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಭಾವಾ, ಹೆಸರ ಹಚ್ಚಿಸಿಕೊಂಡಾವ ನಾ ಇಲ್ಲೇ ಅದೀನಿ, ನನ್ನ ನೋಡು. ಮೀನಮೈಯಾವ ಅಂದ್ರು, ಸರದ ಕುಂತ್ರು, ಕನ್ಯಾ ಕೊಡಲಿಲ್ಲ. ಅದರಿಂದ ನನ್ನ ಕಣ್ಣ ಹೋಗಲಿಲ್ಲ. ಏನೈತಿ ಅಂತ ಗೊತ್ತಾಗಲಿಲ್ಲಲ್ಲ, ಅದರಿಂದ ಹೋತು. ನನ್ನ ಮೈನೂ ಹಿಂಗ ಬೆಣ್ಣಿ ಇದ್ದಂಗ ಇತ್ತಂತ, ಯವ್ವನ್ನ ಕೇಳು."

ಗುತ್ತೆಪ್ಪ ನೆಲ ನೋಡಿದ.

"ಕೂಸಿಗೆ ಒಂದ ಗಳಿಗಿ ನೋವಾದೀತು," ಉಡಚಪ್ಪನ ದನಿ ತಗ್ಗಿತು. "ನಾ ಎತ್ತಿಕೊಂಡ ಹೋಗತೀನಿ, ನೀ ಬರಬ್ಯಾಡ ಬೇಕಾದ್ರ."

ಗುತ್ತೆಪ್ಪ ಮರುದಿನ ಮುಂಜಾನೆ ಎಲ್ಲರಿಗಿಂತ ಮೊದಲು ಎದ್ದು, ಟೋಪಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದ.

ಈ ಸಲ ಗಾಜಿನ ಡಬ್ಬಿಗೆ ಬಿದ್ದದ್ದು ಸಾಸಿವೆಕಾಳಿನಷ್ಟು ಚೂರು. ಶುದ್ಧ ದ್ರವದಲ್ಲಿ ಅದು ಹೂವಿನ ಎಸಳಿನಂತೆ ಬೆಳೆಯಿತು. ಹಸಿರಿನ ಜಿಡ್ಡು ಒಂದು ತೊಟ್ಟು ಬೆರೆಸಿ ಕೊಟ್ಟಾಗ, ತಳದ ಸಾಲಿನಲ್ಲಿ ಒಂದು ಮಣಿ ಹೊಳೆಯಿತು. ಆಮೇಲೆ ಇನ್ನೊಂದು, ಮತ್ತೊಂದು. ಆ ಮಣಿಗಳನ್ನು ಕೆಂಚವ್ವ ಡಾಕ್ಟರಿಗಿಂತ ಮೊದಲೇ ಗುರುತಿಸಿದಳು. ಮಾಳವ್ವ ಗಂಡನ ಭುಜಕ್ಕೆ ತಲೆಯಿಟ್ಟು ಅತ್ತಳು. ಗುತ್ತೆಪ್ಪ ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತ.

"ಅಳೋ ದಿನ ಅಲ್ಲ ಇದು," ಎಂದರು ಡಾಕ್ಟರು. ಅವರ ಕಣ್ಣೂ ಒದ್ದೆಯಾಗಿತ್ತು. "ಇದರ ಮೈಮ್ಯಾಲೆ ಹುರುಪಿ ಹುಟ್ಟೋ ಮೊದಲ ನಮಗ ಗೊತ್ತಾತು. ಇನ್ನ ಹುಟ್ಟಾಕ ಬಿಡೋದಿಲ್ಲ. ಕಣ್ಣು, ಮೂಗು, ಕಿವಿ ಎಲ್ಲಾ ಉಳೀತಾವು. ತಾಯಿ ತುಪ್ಪ ಬಿಡಬೇಕು, ಆಮ್ಯಾಲೆ ಕೂಸು ಜೀವಮಾನ ಪೂರ್ತಿ ಬಿಡಬೇಕು. ಇಷ್ಟ."

ಇಷ್ಟೇ ಎನ್ನುವುದು ಹಣಬರ ಓಣಿಯಲ್ಲಿ ಅಷ್ಟು ಸುಲಭವಿರಲಿಲ್ಲ. ಬಾಣಂತಿಯ ತಟ್ಟೆಯಲ್ಲಿ ತುಪ್ಪ ಕಾಣದೆ ಪಾರವ್ವ ಗಲ್ಲದ ಮೇಲೆ ಕೈಯಿಟ್ಟಳು. "ಊರಿಗೆಲ್ಲಾ ತುಪ್ಪ ಮಾರಾಕಿ, ಹಡದ ಮಗಳಿಗೆ ಎಣ್ಣಿ ಹಾಕತಿಯಲ್ಲವ್ವ ಕೆಂಚವ್ವಾ! ಏನ ಬಂತು ನಿಮಗ?"

ಹಿಂದಾದರೆ ಕೆಂಚವ್ವ ಏನೋ ನೆವ ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಇವತ್ತು ಹಾಗೆ ಮಾಡಲಿಲ್ಲ. "ಎಮ್ಮಿ ಅದಾವು, ತುಪ್ಪನೂ ಐತಿ. ನಮ್ಮ ಕೂಸಿನ ಮೈಗೆ ಅದು ಹತ್ತೂದಿಲ್ಲ. ಹುಟ್ಟಾ ಬಂದದ್ದು, ನನ್ನಿಂದ ಬಂದದ್ದು. ನಾಳೆ ನಮ್ಮ ಓಣ್ಯಾಗ ಯಾವ ಕೂಸಿಗೆ ಮೈ ಹುರುಪಿ ಎದ್ರೂ, ಸಂಜೀ ಕಣ್ಣ ಕಾಣದಿದ್ರೂ ನನ್ನ ಕಡೆ ಕರಕೊಂಡ ಬಾ. ಹುಬ್ಬಳ್ಳಿ ದಾರಿ ನನಗ ಗೊತ್ತೈತಿ," ಎಂದಳು. ಹೇಳಿದ ಮೇಲೆ ತನ್ನ ದನಿಗೆ ತಾನೇ ಬೆಚ್ಚಿದಳು.

ಕೂಸಿಗೆ ಮೊದಲ ತುತ್ತು ಉಣಿಸುವ ದಿನ ಬಂತು. ಏನು ಉಣಿಸಬೇಕೆಂದು ಕೆಂಚವ್ವ ನಾಲ್ಕು ದಿನದಿಂದ ಯೋಚಿಸಿದ್ದಳು. ಹಬ್ಬದ ದಿನ ತೊಟ್ಟಿಯ ಹಾಲು ಬಳಸಲು ಮನಸ್ಸೊಪ್ಪಲಿಲ್ಲ. ಕುಸುಬಿ ಕಾಳು ನೆನೆಹಾಕಿ, ಒರಳಿನಲ್ಲಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿದಾಗ ಬೆಳ್ಳನೆಯ ಹಾಲು ಇಳಿಯಿತು. ಅದರಲ್ಲಿ ಗೋದಿನುಚ್ಚು ಬೇಯಿಸಿ, ಬೆಲ್ಲ ಹಾಕಿ ಹುಗ್ಗಿ ಮಾಡಿದಳು. ಅಂಗಳದಲ್ಲಿ ಎಳೆಬಿಸಿಲು ಚೆಲ್ಲಿತ್ತು. ಓಣಿಯ ಹೆಂಗಸರು ಬಂದು ಸುತ್ತಲೂ ಕೂತರು.

ಮೊದಲ ತುತ್ತು ಕೊಡುವವನು ಸೋದರಮಾವ. ಉಡಚಪ್ಪ ಕೈ ತೊಳೆದುಕೊಂಡು ಬಂದು ಹಿಂಜರಿದು ನಿಂತ. "ಬಾರೋ," ಎಂದು ಮಾಳವ್ವ ಕೂಸನ್ನು ಅವನ ತೊಡೆಯ ಮೇಲೆ ಕೂರಿಸಿದಳು. ಅವನು ಹುಗ್ಗಿಯನ್ನು ಬೆರಳ ತುದಿಗೆ ತೆಗೆದುಕೊಂಡು ಊದಿ, ಬಿಸಿ ಇದೆಯೋ ಎಂದು ತನ್ನ ತುಟಿಗೆ ಮುಟ್ಟಿಸಿ ನೋಡಿ ಕೂಸಿನ ಬಾಯಿಗಿಟ್ಟ. ಕೂಸು ಮುಖ ಕಿವುಚಿತು, ಹೊರಗೆ ನೂಕಿತು, ಗಲ್ಲದ ಮೇಲೆಲ್ಲ ಹುಗ್ಗಿ ಹರಿಯಿತು. ಹೆಂಗಸರು ನಕ್ಕರು. ಉಡಚಪ್ಪ ಗಾಬರಿಯಾಗಿ ತಾಯಿಯ ಕಡೆ ನೋಡಿದ.

"ಹೆದರಬ್ಯಾಡ, ಇನ್ನೊಮ್ಮೆ ಕೊಡು," ಎಂದಳು ಕೆಂಚವ್ವ. ಎಷ್ಟೋ ತಿಂಗಳ ಮೇಲೆ ಒಂದು ಮಗುವಿಗೆ ಇಂಥದನ್ನು ಕೊಡು ಎಂದು ಅವಳ ಬಾಯಿಂದ ಮಾತು ಹೊರಟಿತ್ತು.

ಅವನು ಇನ್ನೊಮ್ಮೆ ಕೊಟ್ಟ. ಈ ಸಲ ಕೂಸು ಚಪ್ಪರಿಸಿತು. ಎರಡೂ ಕೈಯಿಂದ ಮಾವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು, ಬೆರಳನ್ನು ಬಾಯಿಂದ ಬಿಡಲೇ ಇಲ್ಲ.